ನಾನು ಜೆಂಟಲ್ ಆದ ಹದಿನೈದು ದಿನ

ಮೆತ್ತಗೆ ಮಾತನಾಡಿದ ತಪ್ಪಿಗೆ ಊರ ಯಜಮಾನರ ಜಗಲಿ ಹತ್ತಿ ವಿಚಾರಣೆಗೆ ನಿಂತ ಗಂಡಸು ಈ ಮೈಸೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕುಡಿದು ಕೂಗಾಡಿದವರನ್ನು, ಹೆಂಡತಿಗೆ ಕೈ ಮಾಡಿದವರನ್ನು, ಪಕ್ಕದ ಗದ್ದೆಯ ಬದುವನ್ನು ವರ್ಷಕ್ಕೆ ಒಂದು ಗೇಣಿನಂತೆ ನುಂಗಿದವರನ್ನು ಕರೆಸಿ ಕೇಳುವುದುಂಟು. 'ದಯವಿಟ್ಟು ಬನ್ನಿ, ಕುಳಿತುಕೊಳ್ಳಿ' ಎಂದವನನ್ನು ಕರೆಸಿ ಕೇಳಿದ್ದು ಅದೇ ಮೊದಲು. ಅದೇ ಕೊನೆಯೂ ಆಗಿದೆ, ಏಕೆಂದರೆ ಆಮೇಲೆ ನಮ್ಮ ಕಡೆ ಯಾರೂ ಆ ಸಾಹಸಕ್ಕೆ ಹೋಗಿಲ್ಲ.

ನಾನು ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಪ್ಪತ್ತೆರಡು ವರ್ಷದ ಸರ್ವೀಸು. ನನ್ನ ಕಂಠ ಎಂಥದೆಂದರೆ, ನಾನು ಕ್ಲಾಸಿನಲ್ಲಿ ವ್ಯಾಕರಣ ಹೇಳಿದರೆ ಸ್ಟೇಷನ್ನಿನಲ್ಲಿ ರೈಲು ಇಳಿದು ವಡೆ ತಿನ್ನುವವರಿಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಇದನ್ನು ನಾನು ದೋಷವೆಂದು ಭಾವಿಸಿರಲಿಲ್ಲ. ನಮ್ಮ ಸೀಮೆಯಲ್ಲಿ ಎಲ್ಲರೂ ಗದ್ದೆಯ ಆ ಬದುವಿನಿಂದ ಈ ಬದುವಿಗೆ ಮಾತನಾಡಿ ಬೆಳೆದವರು. ಎದುರಿಗೇ ಕುಳಿತಿದ್ದರೂ ಮಧ್ಯೆ ಒಂದು ಗದ್ದೆ ಇದೆ ಎಂದೇ ನಮ್ಮ ಲೆಕ್ಕ.

ಯುದ್ಧದ ನಾಲ್ಕನೆಯ ವರ್ಷ, ಸೀಮೆಎಣ್ಣೆ ಸಿಗದೆ ಊರೆಲ್ಲ ಹರಳೆಣ್ಣೆ ದೀಪಕ್ಕೆ ಬಿದ್ದಿದ್ದ ಕಾಲದಲ್ಲಿ, ನಮ್ಮ ಶಾಲೆಗೆ ಹೊಸ ಇನ್‌ಸ್ಪೆಕ್ಟರು ಬಂದರು. ಅವರು ಮಾತನಾಡಿದರೆ ರೇಷ್ಮೆಯ ಮೇಲೆ ರೇಷ್ಮೆ ಸರಿದಂತೆ. ಏನು ಹೇಳಿದರೆಂದು ಕೇಳಿಸಿಕೊಳ್ಳಲು ನಾನು ಬಗ್ಗಿ ಬಗ್ಗಿ, ಅವರು ಹೋಗುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಹೋಗುವ ಮುನ್ನ ವಿಸಿಟ್ ಬುಕ್ಕಿನಲ್ಲಿ ನನ್ನ ಬಗ್ಗೆ ಒಂದು ವಾಕ್ಯ ಬರೆದರು: ಈ ಉಪಾಧ್ಯಾಯರಿಗೆ ವಿಷಯ ತಿಳಿದಿದೆ, ಆದರೆ ಇನ್ನೂ ಸ್ವಲ್ಪ ಜೆಂಟಲ್ ಆಗಬೇಕು.

ಹೆಡ್‌ಮಾಸ್ಟರು ಆ ಪದದ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

ಇಂಗ್ಲಿಷ್ ಮೇಷ್ಟ್ರಿಗೆ ಇಂಗ್ಲಿಷಿನಲ್ಲೇ ಬೈದರೆ ಆತ ಮೊದಲು ಮಾಡುವ ಕೆಲಸ ನಿಘಂಟು ನೋಡುವುದು. ನನ್ನ ಹತ್ತಿರ ಹರಾಜಿನಲ್ಲಿ ಕೊಂಡ ಒಂದು ಮಹಾನಿಘಂಟಿತ್ತು. ತೂಕದಲ್ಲಿ ಆರು ತಿಂಗಳ ಕೂಸು. (ನನ್ನ ಹೆಂಡತಿ ದೇವಿರಮ್ಮ ಅದನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳ ಏಳದಂತೆ ಹೇರಿಡುತ್ತಿದ್ದಳು. ಆದ್ದರಿಂದ ಅದರ ಕೆಲವು ಪುಟಗಳನ್ನು ಓದುವಾಗ ಬಾಯಲ್ಲಿ ನೀರೂರುತ್ತದೆ.) ತೆರೆದು ನೋಡುತ್ತೇನೆ, ಆ ಪುಟ್ಟ ಪದದ ಕೆಳಗೆ ಒಂದು ಮೊಳದುದ್ದ ಸಂಸಾರ.

ಜೆಂಟಲ್ ಎಂದರೆ ಮೃದು ಸ್ವಭಾವ, ಸರಿ. ಮೆಲ್ಲನೆ ಬೀಸುವ ಗಾಳಿಗೂ ಜೆಂಟಲ್ ಎನ್ನುತ್ತಾರೆ. ಅಷ್ಟೇನೂ ಕಡಿದಲ್ಲದ ಏರಿಗೂ ಅದೇ. ಒದೆಯದ ಕುದುರೆಗೆ ಅದೇ. ಹೊಟ್ಟೆ ಹಿಂಡದೆ ಕೆಲಸ ಮುಗಿಸುವ ಭೇದಿ ಔಷಧಿಗೂ ಅದೇ. ಕೊನೆಗೆ, ಮೀನಿನ ಗಾಳಕ್ಕೆ ಸಿಕ್ಕಿಸುವ ಒಂದು ಬಿಳಿಯ ಮೆತ್ತನೆಯ ಹುಳಕ್ಕೂ ಅವರು ಜೆಂಟಲ್ ಎಂದೇ ಹೆಸರಿಟ್ಟಿದ್ದಾರೆ. ಹುಳವಾಗಬೇಕೆಂದು ಇನ್‌ಸ್ಪೆಕ್ಟರು ಬಯಸಿರಲಾರರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಪದದ ಮೂಲಕ್ಕೆ ಇಳಿದೆ.

ಮೂಲ ಇನ್ನೂ ಸ್ವಾರಸ್ಯ. ಅದು ರೋಮಿನವರ ಮಾತಂತೆ. ಅಲ್ಲಿ ಅದಕ್ಕೆ ಮೆದು, ಮೃದು ಎಂಬ ಅರ್ಥವೇ ಇಲ್ಲ. ಒಂದೇ ಕುಲದಲ್ಲಿ, ನಮ್ಮ ಮಾತಿನಲ್ಲಿ ಒಂದೇ ಬೆಡಗಿನಲ್ಲಿ, ಹುಟ್ಟಿದವರು ಎಂದರ್ಥ. ಅದು ಫ್ರಾನ್ಸಿಗೆ ಬಂದಾಗ ದೊಡ್ಡ ಕುಲದವರು ಎಂದಾಯಿತು. ಇಂಗ್ಲೆಂಡಿಗೆ ಬಂದಾಗ, ದೊಡ್ಡ ಕುಲದವರಿಗೆ ಇರಬೇಕಾದ ಒಳ್ಳೆಯ ನಡತೆ ಎಂದಾಯಿತು. ಕುಲ ಉದುರಿ ನಡತೆ ಮಾತ್ರ ಉಳಿದದ್ದು ಆಮೇಲೆ. ನೋಡಿ, ದೊಡ್ಡ ಮನೆಯವರಿಗೆ ಎಲ್ಲವೂ ಎಷ್ಟು ಸಲೀಸು. ತಮ್ಮ ಗುಣವನ್ನು ಹೊಗಳಲು ಬೇರೆ ಪದ ಹುಡುಕುವ ಶ್ರಮವನ್ನೂ ಪಡಲಿಲ್ಲ; ಮನೆತನದ ಹೆಸರನ್ನೇ ಗುಣದ ಹೆಸರು ಮಾಡಿಬಿಟ್ಟರು.

ಈ ಸಂಶೋಧನೆಯನ್ನು ಅಡುಗೆಮನೆಗೆ ಒಯ್ದು ದೇವಿರಮ್ಮನ ಮುಂದೆ ಮಂಡಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಆ ಇನ್ಸ್‌ಪೆಟ್ರು ಮೆತ್ಗೆ ಮಾತಾಡ್ತಾರೆ ಅಂದ್ರಲ್ಲ, ಅವ್ರ ಜೊತೆ ಜವಾನ ಬಂದಿದ್ನಾ?" ಎಂದಳು.

"ಬಂದಿದ್ದ. ಗೇಟಿನ ಹತ್ತಿರ ಗಾಡಿಯವನ ಮೇಲೆ ಎಗರಾಡುತ್ತಿದ್ದ."

"ಅದೇ ಮತ್ತೆ. ಕೂಗಕ್ಕೆ ಒಬ್ಬನ್ನ ಮಡೀಕಂಡ್ರೆ ಯಾರ್ ಬೇಕಾದ್ರೂ ಮೆತ್ಗೆ ಮಾತಾಡ್ಬೋದು. ನೀವು ಮೆತ್ಗಾದ್ರೆ ಈ ಮನೇಲಿ ಜವಾನ ಯಾರು? ನಾನು."

ಆ ಮಾತಿಗೆ ಉತ್ತರ ನಿಘಂಟಿನಲ್ಲಿರಲಿಲ್ಲ. ಆದ್ದರಿಂದ ಅವಳಿಗೆ ಇಂಗ್ಲಿಷ್ ಬಾರದು ಎಂದು ತೀರ್ಮಾನಿಸಿ ಎದ್ದು ಬಂದೆ. ಮಾರನೆಯ ಬೆಳಿಗ್ಗೆಯಿಂದಲೇ ವ್ರತ ಆರಂಭ. ಲೇ, ಲಾ, ಲೋ ಈ ಮೂರಕ್ಕೂ ನಾಲಗೆಯಿಂದ ಗಡೀಪಾರು. ಎಲ್ಲರಿಗೂ ಬಹುವಚನ. ಧ್ವನಿ ನಾಲ್ಕು ಮೊಳಕ್ಕಿಂತ ದೂರ ಹೋಗಕೂಡದು.

"ದೇವಿರಮ್ಮನವರೇ, ದಯವಿಟ್ಟು ಒಂದು ಲೋಟ ಕಾಫಿ ಕೊಡುವಿರಾ?"

ಅವಳು ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಬಾಯಿ ಮೂಸಿದಳು. ಅದೂ ಇರಲಿಲ್ಲ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಯಾವೂರೋಳು?"

"ಯಾರು?"

"ಎರಡ್ನೇದು. ಇಪ್ಪತ್ತು ವರ್ಸದಿಂದ 'ಲೇ' ಅಂತಿದ್ದೋರು ಇವತ್ತು 'ಅಮ್ನೋರೆ' ಅಂತಿದ್ದೀರಾ. ಮಂಡ್ಯದೋಳಾ?"

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಬಹುವಚನಕ್ಕೆ ಗೌರವ ಎಂಬ ಅರ್ಥವೇನೋ ಇದೆ, ಆದರೆ ಅದು ಅಮಲ್ದಾರರಿಗೆ. ಹತ್ತಿರದವರಿಗೆ ಬಹುವಚನ ಹಚ್ಚಿದರೆ ಅವರೊಂದಿಗೆ ಋಣ ಹರಿಯಿತು ಎಂದೇ ಲೆಕ್ಕ. ಭಾಗವಾದ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲ ಮೇಲೆ ಎದುರಾದರೆ 'ಚೆನ್ನಾಗಿದ್ದೀರಾ' ಎನ್ನುತ್ತಾರೆ. ಎರಡು ಮನೆಗಳ ನಡುವೆ 'ಲೇ' ಓಡಾಡುವ ತನಕ ಪ್ರೀತಿ ಓಡಾಡುತ್ತಿದೆ. ಇದು ನನಗೆ ತಿಳಿಯದ್ದಲ್ಲ, ನಾನೂ ಇಲ್ಲಿಯೇ ಹುಟ್ಟಿದವನು. ಆದರೆ ವಿದ್ಯೆಯ ಒಂದು ಗುಣವೆಂದರೆ, ಅದು ಒಳಗೆ ಬರುವಾಗ ತಿಳಿದದ್ದನ್ನು ಹೊರಗೆ ನೂಕಿಯೇ ಬರುತ್ತದೆ.

ಬೀದಿಗೆ ಹೋದರೆ ದರ್ಜಿ ಗಫಾರ್. ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನಾನು ಪೇಪರು ಓದುವುದು, ಅವನು ನನ್ನ ಕೋಟಿನ ತೋಳಿಗೆ ತೇಪೆ ಹಾಕುವುದು ಇಪ್ಪತ್ತು ವರ್ಷದ ಪದ್ಧತಿ. "ನಮಸ್ಕಾರ ಗಫಾರ್ ಸಾಹೇಬರೇ, ಕ್ಷೇಮವೇ?" ಎಂದೆ. ಹೊಲಿಗೆ ಯಂತ್ರ ನಿಂತಿತು.

"ಏನಾಯ್ತು ಮೇಷ್ಟ್ರೆ? ಕೋಟು ಬ್ಯಾರೆ ದರ್ಜಿಗೆ ಕೊಟ್ಬುಟ್ಯಾ?"

"ಛೆ, ಇಲ್ಲ."

"ಮತ್ತೆ ನಾನ್ಯಾಕೆ ಸಾಹೇಬ ಆದೆ? ನಿನ್ನೆ ಗಂಟ 'ಲೋ ಗಫಾರಾ' ಆಗಿದ್ನಲ್ಲ. ಏನಾರ ಇದ್ರೆ ಮುಖದ ಮೇಲೆ ಬೈದ್ಬುಡು. ಇಂಗೆ ಮರ್ವಾದೆ ಗಿರ್ವಾದೆ ಕೊಟ್ಟು ಹೊಟ್ಟೆ ಉರಿಸ್ಬ್ಯಾಡ."

ಹೀಗೆ ಒಂದು ವಾರ. ಕ್ಲಾಸಿನಲ್ಲಿ ಹುಡುಗರು ನಾನು ಸಾಯುವ ಕಾಲ ಬಂತೆಂದು ಕನಿಕರಪಟ್ಟು ಪಾಠ ಕಲಿಯತೊಡಗಿದರು. ಹಾಲು ಕರೆಯುವಾಗ ಎಮ್ಮೆಗೆ "ಸ್ವಲ್ಪ ಕಾಲು ಸರಿಸಿ" ಎಂದೆ. ಅದು ಎರಡು ದಿನ ಸೊರ ಬಿಡದೆ ಹಾಲು ತಡೆದಿಟ್ಟುಕೊಂಡಿತು. ಇದನ್ನೆಲ್ಲ ಮಹಾಕಾರ್ಯಕ್ಕೆ ಬರುವ ವಿಘ್ನಗಳೆಂದು ಸಹಿಸಿಕೊಂಡೆ. ನಿಜವಾದ ವಿಘ್ನ ಸೋಮವಾರ ಪೂರಿಗಾಲಿಯಿಂದ ಗಾಡಿಯಲ್ಲಿ ಬಂತು.

ಪೂರಿಗಾಲಿ ಮಳವಳ್ಳಿಯ ಆಚೆ ನನ್ನ ಹೆಂಡತಿಯ ತೌರು. ಅಲ್ಲಿಂದ ಬಂದವನು ಅವಳ ಅಣ್ಣ ಚಲುವರಾಜು. ಬಂದ ಕಾರಣ ನನ್ನ ಮಗಳು ಮಲ್ಲಿಗಮ್ಮ. ಅವಳಿಗೆ ಹದಿನೇಳು ತುಂಬಿತ್ತು. ಚಲುವರಾಜುವಿನ ಮಗ ಚಿಕ್ಕಬೋರಯ್ಯನಿಗೆ ಅವಳೆಂಬುದು ತೊಟ್ಟಿಲಿನಲ್ಲೇ ಆಡಿದ ಮಾತು. ತೊಟ್ಟಿಲಿನ ಮಾತನ್ನು ಮಕ್ಕಳು ದೊಡ್ಡವರಾಗಿ ಒಪ್ಪುವುದು ಅಪರೂಪ; ಇವರಿಬ್ಬರೂ ಒಪ್ಪಿದ್ದರು. ಚಿಕ್ಕಬೋರ ಮದ್ದೂರು ಸಂತೆಗೆ ಬಂದ ದಿನ ನಮ್ಮ ಮನೆಯಲ್ಲಿ ಕುಡಿಯುವ ನೀರು ಎರಡು ಸಲ ಮುಗಿಯುತ್ತಿತ್ತು. ಬಾವಿ ಸಂತೆಯ ದಾರಿಯಲ್ಲಿತ್ತು. ತಾಂಬೂಲ ಬದಲಾಯಿಸುವ ದಿನ ಗೊತ್ತು ಮಾಡಿಬಿಟ್ಟರೆ ಎಲ್ಲವೂ ಮುಗಿಯಿತು. ಅದಕ್ಕೇ ಚಲುವರಾಜು ಬಂದದ್ದು. ಗಾಡಿಯ ಗೆಜ್ಜೆ ಕೇಳಿದ ಕೂಡಲೇ ಮಲ್ಲಿಗಮ್ಮ ಒಳಗೋಡಿ ಕನ್ನಡಿ ಹಿಡಿದಳು.

ಭಾವಮೈದುನನಿಗೂ ನನಗೂ ಇದ್ದ ನಮಸ್ಕಾರದ ಕ್ರಮ ಹೀಗೆ. ಗಾಡಿಯಿಂದ ಇಳಿಯುವ ಮೊದಲೇ ಅವನು ಬೀದಿಗೆಲ್ಲ ಕೇಳುವಂತೆ, "ಎಲ್ಲವ್ನೆ ಆ ಬಡ್ಕಲ ಮೇಷ್ಟ್ರು, ಇನ್ನೂ ಉಸ್ರಾಡ್ತಾವ್ನಾ?" ಎನ್ನಬೇಕು. ನಾನು ಒಳಗಿನಿಂದಲೇ, "ಬಂದ್ಯಾ ಕೋಣ? ಕೊಟ್ಗೆ ಹಿತ್ಲಲ್ಲದೆ, ಅಂಗೇ ಓಗು" ಎನ್ನಬೇಕು. ಆಮೇಲೆ ಇಬ್ಬರೂ ಹಲ್ಲು ಕಿರಿದು ತಬ್ಬಿಕೊಳ್ಳಬೇಕು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಹೆಣ್ಣು ಕೊಟ್ಟು ತಂದ ಭಾವ-ಭಾವಮೈದುನರಿಗೆ ಮಾತ್ರ ಇರುವ ಹಕ್ಕು ಅದು. ಒಂದೇ ಬೆಡಗಿನ ಅಣ್ಣತಮ್ಮಂದಿರು ಹಾಗೆ ಗೇಲಿ ಮಾಡಿಕೊಳ್ಳುವಂತಿಲ್ಲ.

ಅವನು ತನ್ನ ಭಾಗವನ್ನು ಸರಿಯಾಗಿಯೇ ಕೂಗಿದ. ನಾನು ಹೊರಗೆ ಬಂದು, ಕೈ ಜೋಡಿಸಿ, "ಬರಬೇಕು ಚಲುವರಾಜುರವರೇ. ದಯಮಾಡಿಸಬೇಕು. ಪ್ರಯಾಣ ಸುಖಕರವಾಗಿತ್ತೇ?" ಎಂದೆ.

ಅವನು ತನ್ನ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದ. ಎತ್ತುಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಮುಖದ ನಗು ಒಂದೊಂದೇ ಹಲ್ಲಾಗಿ ಒಳಕ್ಕೆ ಹೋಯಿತು. ಒಳಗೆ ಬಂದು ಚಾಪೆಯ ತುದಿಯಲ್ಲಿ, ಸಾಲ ಕೇಳಲು ಬಂದವನಂತೆ ಕುಳಿತ.

"ನಾನೇನಾರ ತಪ್ಪು ಮಾಡಿದ್ದೀನಾ ಭಾವ?"

"ಖಂಡಿತ ಇಲ್ಲ. ನಾನೀಗ ಜೆಂಟಲ್ ಆಗಿದ್ದೇನೆ."

"ಅಂದ್ರೆ?"

ಕೇಳಬಾರದಿತ್ತು. ಮೇಷ್ಟ್ರಾದವನನ್ನು 'ಅಂದರೆ' ಎಂದು ಕೇಳಿದರೆ ಅವನು ಮೂಲದಿಂದಲೇ ಶುರು ಮಾಡುತ್ತಾನೆ. "ಈಗ ಮೆದು ಸ್ವಭಾವ ಎನ್ನುತ್ತಾರೆ. ಆದರೆ ಮೂಲದಲ್ಲಿ ಆ ಅರ್ಥವೇ ಅಲ್ಲ. ಒಂದೇ ಬೆಡಗಿನಲ್ಲಿ ಹುಟ್ಟಿದವರು ಎಂದು. ನೀವೂ ಜೆಂಟಲ್, ನಾನೂ ಜೆಂಟಲ್."

"ನಾನೂ ನೀನೂ."

"ಹೌದು."

"ಒಂದೇ ಬೆಡಗು."

"ಮೂಲದಲ್ಲಿ," ಎಂದೆ. ಪಾಠವನ್ನು ಶಿಷ್ಯ ಸರಿಯಾಗಿ ಒಪ್ಪಿಸಿದನೆಂದು ನನಗೆ ಒಳಗೊಳಗೇ ಸಂತೋಷ.

"ಬುಕ್ಕಲ್ಲಿ ಅಂಗಂತ ಬರ್ದದಾ?"

ತಂದು ತೋರಿಸಿದೆ. ಅವನು ಓದು ಬಾರದಿದ್ದರೂ ಪುಟವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಟವಲು ಹೆಗಲಿಗೆ ಹಾಕಿಕೊಂಡ. ಜೀವನದಲ್ಲಿ ಮೊದಲ ಸಲ ಅವನೂ ಮೆತ್ತಗೆ ಮಾತನಾಡಿದ.

"ಇಷ್ಟ ಇಲ್ಲ ಅಂದಿದ್ರೆ ಸಾಕಾಗಿತ್ತು ಭಾವ. ಬುಕ್ಕು ತೋರ್ಸಿ ಏಳ್ಬೇಕಾಗಿರ್ನಿಲ್ಲ. ಒಂದ್ ಮಾತು ಕೇಳ್ತೀನಿ. ನೀನು ನಾನು ಒಂದೇ ಬೆಡಗಾದ್ರೆ, ಒಳಗಡೆ ಅಡ್ಗೆ ಮಾಡ್ತಾವ್ಳಲ್ಲ ನನ್ ತಂಗಿ, ಅವ್ಳು ನಿನಗೇನಾಗ್ಬೇಕು?"

ಊಟಕ್ಕೆ ಎಲೆ ಹಾಕಿತ್ತು. ಅವನು ಕೈ ತೊಳೆಯಲಿಲ್ಲ. ಗಾಡಿ ಹೊರಟೇಹೋಯಿತು.

ಇದು ದಡ್ಡನೊಬ್ಬನ ತಪ್ಪು ತಿಳಿವಳಿಕೆ ಎಂದು ಓದುಗರು ನಗಬಾರದು. ಬೇಡವಾದ ಸಂಬಂಧವನ್ನು ಮಾನವಾಗಿ ಕಳಚಿಕೊಳ್ಳಲು ನಮ್ಮಲ್ಲಿರುವುದು ಒಂದೇ ದಾರಿ. ಗಂಡು ಕುರೂಪಿ, ಹೆಣ್ಣು ಬಾಯಿಬಡುಕಿ ಎಂದೆಲ್ಲ ಹೇಳುವುದಿಲ್ಲ. 'ಹಿಂದೆ ಎಲ್ಲೋ ಬೆಡಗು ಒಂದಾಗ್ತದಂತೆ' ಎಂದು ಹೇಳುತ್ತಾರೆ. ಒಂದೇ ಬೆಡಗಿನಲ್ಲಿ ಮದುವೆಯಿಲ್ಲ; ಅಲ್ಲಿಗೆ ಮಾತು ಮುಗಿಯಿತು. ಅದನ್ನು ಹೇಳುವವರು ಹೇಳುವಾಗ ಬಹುವಚನ ಹಚ್ಚಿ, ಬಹಳ ಮೆತ್ತಗೆ ಹೇಳುತ್ತಾರೆ. ನಾನು ಮದುವೆ ಮುರಿಯುವ ಶಾಸ್ತ್ರವನ್ನು ಒಂದಕ್ಷರ ಬಿಡದೆ ನಡೆಸಿಕೊಟ್ಟಿದ್ದೆ.

ದೇವಿರಮ್ಮ ಸೌಟು ಹಿಡಿದುಕೊಂಡೇ ಬಂದಳು. ನಾನು ವಿವರಿಸಹೊರಟೆ. ಅವಳು ಸೌಟು ಎತ್ತಿದಳು. ನಾನು ವಿವರಿಸಲಿಲ್ಲ.

"ಇಪ್ಪತ್ತು ವರ್ಸ ಆದ್ಮೇಲೆ ನಾನು ನಿಮ್ಗೆ ತಂಗಿ ಆದ್ನಾ?"

"ಮೂಲದಲ್ಲಿ ಮಾತ್ರ..."

"ಆಯ್ತು ಬುಡಿ. ತಂಗಿ ಹೆಂಗಿರ್ಬೇಕೋ ಅಂಗಿರ್ತೀನಿ."

ಅಂದಿನಿಂದ ನನ್ನನ್ನು "ಅಣ್ಣಯ್ಯ" ಎಂದು ಕರೆಯತೊಡಗಿದಳು. ಅಣ್ಣಯ್ಯ ಊಟಕ್ಕೆ ಬಾ, ಅಣ್ಣಯ್ಯ ಸೌದೆ ಒಡಿ. ಬೀದಿಯಲ್ಲಿ ಗಫಾರನ ಮುಂದೆ, "ಅಣ್ಣಯ್ಯಾ, ಸಂತೆಯಿಂದ ಈರುಳ್ಳಿ" ಎಂದು ಕೂಗಿದಳು. ಗಫಾರ್ ಬಾಯಲ್ಲಿದ್ದ ಸೂಜಿಯನ್ನು ಇನ್ನೇನು ನುಂಗಿಬಿಡುತ್ತಿದ್ದ. ಒಂದು ಸಂಜೆ ಮಲ್ಲಿಗಮ್ಮ ನಿಘಂಟನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಕೇಳಿದಳು: "ಅಪ್ಪಯ್ಯ, ನೀರೊಲೆಗೆ ಸೌದೆ ಸಾಲ್ದು. ಇದ್ನ ಹಾಕ್ಲಾ?" ಕಣ್ಣು ಊದಿಕೊಂಡಿತ್ತು. ನಾನು ಪುಸ್ತಕ ಇಸಿದುಕೊಂಡೆ. ಅದರ ತೂಕ ಆ ದಿನ ನನಗೆ ಗೊತ್ತಾಯಿತು.

ಗುರುವಾರ ಪೂರಿಗಾಲಿಯಿಂದ ಹೇಳಿಕೆ ಬಂತು. ದೇವಿರಮ್ಮನ ಚಿಕ್ಕಪ್ಪ ಬೋರಯ್ಯನವರು ಆ ಊರಿನ ಯಜಮಾನರು. ಅವರ ಮಾತು ಮೀರುವವರಿಲ್ಲ. ಭಾನುವಾರ ಮೇಷ್ಟ್ರು ತಮ್ಮ ಬುಕ್ಕು ಸಮೇತ ಬಂದು, ಯಾವ ಬೆಡಗು ಎಲ್ಲಿ ಒಂದಾಗ್ತದೆ ಎಂದು ತೋರಿಸಬೇಕು. ತೋರಿಸಿದರೆ ಚಿಕ್ಕಬೋರನಿಗೆ ಬೇರೆ ಕಡೆ ಹೆಣ್ಣು ನೋಡುತ್ತಾರೆ. ತೋರಿಸದಿದ್ದರೆ ಮೇಷ್ಟ್ರ ಬಗ್ಗೆ ಬೇರೆ ಯೋಚನೆ ಮಾಡುತ್ತಾರೆ.

ಭಾನುವಾರ ಮೂವರೂ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಇದ್ದಿಲು ಬಸ್ಸು ಹತ್ತಿದೆವು. "ನೀನ್ಯಾಕಮ್ಮಿ?" ಎಂದು ಅವಳಮ್ಮ ಕೇಳಿದರೆ, "ನನ್ ವಿಚಾರ ತಾನೆ?" ಎಂದು ಮಲ್ಲಿಗಮ್ಮ ಮೊದಲೇ ಹತ್ತಿ ಕುಳಿತಿದ್ದಳು. ಮಳವಳ್ಳಿ ದಾರಿಯಲ್ಲಿ ಒಂದು ಸಣ್ಣ ಏರು ಬಂದು ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ನಿಘಂಟಿನ ಪ್ರಕಾರ ಅದು ಜೆಂಟಲ್ ಏರು. ನಿಘಂಟು ಬರೆದವರು ಇದ್ದಿಲು ಬಸ್ಸು ತಳ್ಳಿರಲಾರರು.

ಬೋರಯ್ಯನವರ ಜಗಲಿಯ ಮೇಲೆ ಎಂಟು ಹತ್ತು ಜನ ಹಿರಿಯರು. ಬಾಗಿಲ ಹಿಂದೆ ಹೆಂಗಸರು. ಚಲುವರಾಜು ಕಂಬಕ್ಕೊರಗಿ ನೆಲ ನೋಡುತ್ತಿದ್ದ. ನಡುವೆ ಮಣೆಯ ಮೇಲೆ ನನ್ನ ಪುಸ್ತಕವನ್ನು ಇಟ್ಟರು. ಬೋರಯ್ಯನವರು ಎಲೆಯಡಿಕೆ ಹಾಕಿಕೊಂಡು ಶುರು ಮಾಡಿದರು.

"ಇದು ಯಾರ ಮಾತು?"

"ಇಂಗ್ಲಿಷಿನವರದು. ಅದಕ್ಕೂ ಹಿಂದೆ ರೋಮಿನವರದು."

"ಅವ್ರು ಪೂರಿಗಾಲಿಗೆ ಬಂದಿದ್ರಾ?"

"ಇಲ್ಲ."

"ಮತ್ತೆ ನಮ್ಮ ಬೆಡಗು ಅವ್ರಿಗೆ ಹೆಂಗೊತ್ತು?"

ಅದು ರೋಮಿನವರ ಬೆಡಗಿನ ವಿಚಾರವೇ ಹೊರತು ನಮ್ಮದಲ್ಲ, ನಾನು ಸಂಬಂಧ ಬೇಡವೆನ್ನಲಿಲ್ಲ, ಇನ್‌ಸ್ಪೆಕ್ಟರು ಬರೆದ ಒಂದು ಮಾತಿನ ಅರ್ಥ ಹುಡುಕುತ್ತಿದ್ದೆ ಎಂದು ಮೊದಲಿನಿಂದ ಹೇಳಿದೆ. ಬೋರಯ್ಯನವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಆ ಮಾತ್ಗೆ ಇನ್ನೇನೇನರ್ಥ ಅದೆ? ಎಲ್ಲಾ ಓದು."

ಓದಿದೆ. ಗಾಳಿ, ಏರು, ಕುದುರೆ. ಭೇದಿ ಔಷಧಿ ಬಂದಾಗ ಒಬ್ಬರು ಕೆಮ್ಮಿದರು. ಹುಳ ಬಂದಾಗ ಬಾಗಿಲ ಹಿಂದೆ ಬಳೆ ಸದ್ದಾಯಿತು.

"ದೊಡ್ಡ ಮನೆತನ, ಬೇದಿ ಔಸ್ದಿ, ಗಾಳದ ಉಳ," ಎಂದು ಬೋರಯ್ಯನವರು ಬೆರಳು ಮಡಿಸಿದರು. "ಮೂರ್ಕೂ ಒಂದೇ ಎಸ್ರು ಮಡ್ಗವ್ರೆ. ಬುದ್ವಂತರೇ ಕಣ್ರಪ್ಪ ಇಂಗ್ಲಿಷ್‌ನೋರು. ಮೂರೂ ಮೆತ್ಗೇ ಒಳಿಕ್ಕೆ ಓಯ್ತವೆ. ಆಮೇಲೆ ಗೊತ್ತಾಯ್ತದೆ."

ಆ ಕಾಲದಲ್ಲಿ ಈ ಮಾತಿಗೆ ಗಟ್ಟಿಯಾಗಿ ನಗುವುದು ಅಷ್ಟು ಕ್ಷೇಮವಾಗಿರಲಿಲ್ಲ. ಆದರೂ ಇಡೀ ಜಗಲಿ ನಕ್ಕಿತು. ನಾನು ಸರ್ಕಾರಿ ನೌಕರ, ಮನಸ್ಸಿನಲ್ಲಿ ನಕ್ಕೆ.

"ಸರಿ, ಬುಕ್ಕು ಎತ್ತಿಡು," ಎಂದರು. "ಬುಕ್ಕಲ್ಲಿ ಬೆಡಗು ಸಿಕ್ಕಾಕಿಲ್ಲ. ಆದ್ರೆ ಮಾತು ಊರ ಬಾಯ್ಗೆ ಬಿದ್ದದೆ. ಮೇಷ್ಟ್ರೂ ನಮ್ ಚಲುವನೂ ಒಂದೇ ಬೆಡಗು ಅಂತ ನಾಳೆ ಯಾವನಾರ ಅಂದಾನು. ಅದ್ಕೆ ನಾಕ್ ಜನದ ಮುಂದೆ ಇತ್ಯರ್ಥ ಆಗ್ಬೇಕು. ಅಣ್ತಮ್ಮಂದ್ರಾದ್ರೆ ಗೇಲಿ ಮಾಡಂಗಿಲ್ಲ. ನೆಂಟ್ರಾದ್ರೆ ಮಾಡ್ದೆ ಇರಂಗಿಲ್ಲ. ಮೇಷ್ಟ್ರೆ, ನೀವು ನಮ್ಮ ನೆಂಟ್ರೇ ಆದ್ರೆ ನಿಮ್ ಭಾವ್ಮೈದನ್ನ ಇಲ್ಲೇ, ಈಗ್ಲೇ ಬೈಯ್ರಿ. ನಾವು ಕೇಳಿ ತೀರ್ಮಾನ ಮಾಡ್ತೀವಿ."

ಎದ್ದು ನಿಂತೆ. ಬಾಗಿಲ ಸಂದಿಯಲ್ಲಿ ಮಲ್ಲಿಗಮ್ಮನ ಒಂದು ಕಣ್ಣು ಕಾಣುತ್ತಿತ್ತು. ಬಾಯಿ ತೆರೆದೆ. ನಾಲಗೆಯ ಮೇಲೆ ಹದಿನೈದು ದಿನದ ವ್ರತ ಕುಳಿತಿತ್ತು.

"ಎಲೈ ಮೂಢನೇ," ಎಂದೆ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ನಾಟ್ಕದ್ದು," ಎಂದರು ಒಬ್ಬರು. "ಇದು ಬೈಗ್ಳದ ಲೆಕ್ಕಕ್ಕಿಲ್ಲ."

"ನೀನು... ನೀವು ಅಷ್ಟೇನೂ ಬುದ್ಧಿವಂತರಲ್ಲ."

"ಇದು ಇನ್ಸ್‌ಪೆಟ್ರು ಬರ್ಯೋದು," ಎಂದು ಬಾಗಿಲ ಹಿಂದಿನಿಂದ ದೇವಿರಮ್ಮನ ಧ್ವನಿ ಬಂತು. "ಅಣ್ಣಯ್ಯ, ಸರ್ಯಾಗಿ ಬೈಯಿ."

ಬೋರಯ್ಯನವರು ನಿಟ್ಟುಸಿರು ಬಿಟ್ಟು ಎಲೆಯ ತೊಟ್ಟು ಮುರಿದರು. ಮಲ್ಲಿಗಮ್ಮನ ಕಣ್ಣು ಬಾಗಿಲ ಸಂದಿಯಿಂದ ಮಾಯವಾಯಿತು. ಆಗ ಕಂಬಕ್ಕೊರಗಿದ್ದ ಚಲುವರಾಜು ತಲೆಯೆತ್ತದೆ, ಯಾರಿಗೋ ಹೇಳುವಂತೆ ಹೇಳಿದ:

"ಅವ್ನ ಕೈಲಿ ಆಗಾಕಿಲ್ಲ ಬುಡಿ ಚಿಕ್ಕಪ್ಪ. ಅವತ್ತು ಹೆಣ್ಣು ಕೊಡೋವಾಗ ನಮ್ಮಪ್ಪ ಏನು ಇವ್ನ ನೋಡಿ ಕೊಟ್ನಾ? ಇವ್ರಪ್ಪನ ಮನೆ ಎತ್ತಿನ ಜೋಡಿ ನ್ವಾಡಿ ಕೊಟ್ಟ. ಅವು ಗುಣವಂತ ಎತ್ತು. ಇವನ್ನ ಜೊತೆಗೆ ಬಿಟ್ಟಿಯಾಗಿ ಕಳ್ಸಿದ್ರು."

ಜಗಲಿ ನಕ್ಕಿತು. ಅದನ್ನು ಸಹಿಸುತ್ತಿದ್ದೆ. ಆದರೆ ಬಾಗಿಲ ಹಿಂದೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನನ್ನ ಹೆಂಡತಿ.

ಆಮೇಲೆ ಏನಾಯಿತೋ ನನಗೆ ಪೂರ್ತಿ ನೆನಪಿಲ್ಲ. ನೆನಪಿರುವಷ್ಟು ಇದು:

"ಲಾ ಚಲುವ, ಮುಚ್ಚಲಾ ಬಾಯಿ, ಹಂಡೆ ಮುಸುಡಿಯೋನೆ. ಎತ್ತು ನೋಡಿ ಕೊಟ್ರಾ? ಅಂಗಾದ್ರೆ ಎತ್ತನ್ನೇ ಅಳಿಯ ಮಾಡ್ಕೋಬೇಕಿತ್ತು ಕಣ್ಲಾ. ಹಬ್ಬಕ್ಕೆ ಬಂದಾಗ ನಿನ್ ಪಕ್ಕದಲ್ಲೇ ಕಟ್ಟಿ ಉಲ್ಲು ಹಾಕಿದ್ರೆ ಯಾವ್ದು ಎತ್ತು, ಯಾವ್ದು ಭಾವ್ಮೈದ ಅಂತ ನಿಮ್ಮವ್ವನ್ಗೇ ಗೊತ್ತಾಯ್ತಿರ್ನಿಲ್ಲ. ನನ್ ಮದ್ವೇಲಿ ಹನ್ನೊಂದು ಒಬ್ಬಟ್ಟು ತಿಂದು ಹಸೆಮಣೆ ಹಿಂದೆ ಮಲ್ಗಿ ಗೊರ್ಕೆ ಹೊಡ್ದೋನು ನೀನು. ಓಲಗದೋರು ನಿನ್ ಶ್ರುತಿ ಹಿಡ್ಕೊಂಡ್ ಊದುದ್ರು ಕಣ್ಲಾ..."

ಹೀಗೆ ಅವನ ನಡಿಗೆ, ಅವನ ನೇಗಿಲು, ಅವನ ಮೀಸೆ, ಅವನ ಮೀಸೆಯಲ್ಲಿ ಉಳಿಯುವ ಮುದ್ದೆ, ಅವನ ತಾತ, ಒಂದೂ ಬಿಡಲಿಲ್ಲ. ನನ್ನೊಳಗೆ ಅಷ್ಟು ಸಾಹಿತ್ಯವಿತ್ತೆಂದು ನನಗೇ ಗೊತ್ತಿರಲಿಲ್ಲ. ಬೀದಿಯ ಜನ ಕೆಲಸ ಬಿಟ್ಟು ಬಂದು ನಿಂತರು. ಹಿರಿಯರೊಬ್ಬರು ಒಂದು ಬೈಗುಳವನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಚಲುವರಾಜುವಿನ ತಲೆ ಮೆಲ್ಲಗೆ ಮೇಲೆದ್ದಿತು, ಹಲ್ಲು ಒಂದೊಂದೇ ಹೊರಗೆ ಬಂತು, ಕೊನೆಗೆ ಕಣ್ಣಲ್ಲಿ ನೀರೂ ಬಂತು. ನಾನು ಅವನ ಮುತ್ತಾತನ ವಿಚಾರಕ್ಕೆ ಬಂದಾಗ ಅವನು ಓಡಿಬಂದು ತಬ್ಬಿಕೊಂಡ.

"ಸಾಕು ಬುಡು ಭಾವ. ಸಾಯೋ ಗಂಟ ಸಾಕು ನನ್ಗೆ."

"ಇದು ನೆಂಟನ ಬಾಯಿ," ಎಂದು ಬೋರಯ್ಯನವರು ತೀರ್ಪು ಕೊಟ್ಟರು. "ಬೆಡಗು ಬ್ಯಾರೆ. ಇವತ್ತೇ ದಿನ ಚೆನ್ನಾಗದೆ, ಇವತ್ತೇ ತಾಂಬೂಲ ಆಗೋಗ್ಲಿ."

ಒಳಗಿನಿಂದ ಮಲ್ಲಿಗಮ್ಮ ದೀಪ ಹಚ್ಚುವುದಕ್ಕೆ ಓಡಿದ ಸದ್ದು ಕೇಳಿಸಿತು. ನಾನು "ಆಗಲಿ" ಎನ್ನಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಹದಿನೈದು ದಿನ ಮಲಗಿದ್ದ ಕಂಠವನ್ನು ಒಂದೇ ಸಲ ಮುಕ್ಕಾಲು ಗಂಟೆ ಓಡಿಸಿದ್ದೆ. ಅದು ಕೂತುಹೋಗಿತ್ತು.

ಎಲೆ, ಅಡಿಕೆ, ತೆಂಗಿನಕಾಯಿ ಬಂತು. ದೇವಿರಮ್ಮ ಬಾಗಿಲಲ್ಲಿ ನಿಂತಳು. ಚಲುವರಾಜು ಗಂಟಲು ಸರಿಪಡಿಸಿಕೊಂಡ.

"ಒಂದು ಮಾತದೆ ಚಿಕ್ಕಪ್ಪ. ನಮ್ ಚಿಕ್ಕಬೋರ ಎಲ್ಲೆಸ್ಸು ಪರೀಕ್ಸೆಗೆ ಮೂರ್ ಸತಿ ಕುಂತವ್ನೆ. ಎಲ್ಲಾ ಬತ್ತದೆ, ಇಂಗ್ಲಿಷ್ ಒಂದು ಬರಾಕಿಲ್ಲ. ಮನೇಲೇ ಇಂಗ್ಲಿಷ್ ಮೇಷ್ಟ್ರು ಇರೋವಾಗ ಹುಡ್ಗ ಇಲ್ಲಿ ಯಾಕಿರ್ಬೇಕು? ಮದ್ವೆ ಆದ್ಮೇಲೆ ಮದ್ದೂರಲ್ಲೇ ಇರ್ಲಿ. ಪಾಸಾಗೋ ಗಂಟ."

ಎಲ್ಲೆಸ್ಸು ಎಂದರೆ ಮಿಡ್ಲ್ ಸ್ಕೂಲು ಮುಗಿಸುವ ಲೋಯರ್ ಸೆಕೆಂಡರಿ ಪರೀಕ್ಷೆ. ಚಿಕ್ಕಬೋರನ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನಾನು ನೋಡಿದ್ದೇನೆ. ಚಿನ್ನದಂಥ ಹುಡುಗ, ಎರಡು ಆಳಿನ ಕೆಲಸ ಮಾಡುತ್ತಾನೆ, ನಾಲ್ಕು ಆಳಿನ ಮುದ್ದೆ ತಿನ್ನುತ್ತಾನೆ. ಆದರೆ ಇಂಗ್ಲಿಷಿನಲ್ಲಿ ಅವನು ಪಾಸಾಗುವ ಹೊತ್ತಿಗೆ ಇಂಗ್ಲಿಷಿನವರು ಈ ದೇಶದಲ್ಲಿರುವುದಿಲ್ಲ. ಪಾಸಾಗುವ ಗಂಟ ಎಂದರೆ ನಾನಿರುವ ಗಂಟ.

"ಅಣ್ಣಯ್ಯ ಏಳಿದ್ದು ಸರ್ಯಾಗದೆ," ಎಂದಳು ದೇವಿರಮ್ಮ. ಈ ಸಲ ಅಣ್ಣಯ್ಯನೆಂದರೆ ನಿಜವಾದ ಅಣ್ಣಯ್ಯ.

"ಅವಸ್ರ ಏನಿಲ್ಲ ಕಣವ್ವ, ನಿಧಾನ್ವಾಗಿ ಪಾಸಾಗ್ಲಿ," ಎಂದು ಅವಳ ಬೆನ್ನ ಹಿಂದಿನಿಂದ ಮಲ್ಲಿಗಮ್ಮ ಪಿಸುಗುಟ್ಟಿದ್ದು ಜಗಲಿಗೆಲ್ಲ ಕೇಳಿಸಿತು.

ಬೋರಯ್ಯನವರು ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ಒಪ್ಗೇನಾ? ಬ್ಯಾಡಾಂದ್ರೆ ಬಾಯ್ಬುಟ್ಟು ಏಳಿ."

ಬಾಯಿ ಬಿಟ್ಟೆ. ತುಟಿ ಅಲುಗಿತು. ಕುತ್ತಿಗೆಯ ನರ ಉಬ್ಬಿತು. ಒಳಗಿನಿಂದ ಒಂದು ಎಳೆ ಉಸಿರು ಮಾತ್ರ ಹೊರಗೆ ಬಂತು.

"ನೋಡ್ರಪ್ಪ," ಎಂದರು ಬೋರಯ್ಯನವರು, ಹಿರಿಯರೆಲ್ಲರಿಗೂ ತೋರಿಸುತ್ತಾ. "ಎದುರು ಮಾತೇ ಇಲ್ಲ. ಎಷ್ಟು ಮೆತ್ಗೆ ಒಪ್ಕೊಂಡ್ರು. ಓದ್ದೋರು ಅಂದ್ರೆ ಇಂಗಿರ್ಬೇಕು."

ಬೇಡ, ಬೇಡ ಎಂದು ಎರಡೂ ಕೈ ಎತ್ತಿದೆ. ಇಡೀ ಜಗಲಿ ಎದ್ದು ನಿಂತು ನನಗೆ ಮರುನಮಸ್ಕಾರ ಮಾಡಿತು.